ಅಜ್ಜನವರು ಬೆಟ್ಟವನ್ನು ಮುಂದಕ್ಕೆ ಹಾಕಿದ್ದು

ಮುಗಿಲಗುಡ್ಡದ ಬುಡದಲ್ಲಿ, ಬಾವಿಯ ಪಕ್ಕದ ತಗಡಿನ ಕೋಣೆಯೊಂದರಲ್ಲಿ ಪೂಜ್ಯ ಶ್ರೀ ಅಡವಯ್ಯ ಅಜ್ಜನವರು ವಾಸವಾಗಿದ್ದರು. ಜನ ಅದನ್ನು ಮಠವೆಂದು ಕರೆಯುತ್ತಿದ್ದರೇ ಹೊರತು ಅಲ್ಲಿ ಗಂಟೆ ಕಟ್ಟಲೂ ಒಂದು ತೊಲೆಯಿರಲಿಲ್ಲ. ಪುಷ್ಯ ಮಾಸದ ಒಂದು ಬೆಳಗ್ಗೆ ಅಜ್ಜನವರು ಬಾಗಿಲಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾಗ ಹೊನ್ನಪ್ಪ ಬಡಿಗೇರ ಬಂದು ನಿಂತ.

ಹಿಂದಿನ ತಿಂಗಳಷ್ಟೇ ಅವನ ಒಬ್ಬಳೇ ಮಗಳು ಶಾರವ್ವ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳು ಉಳಿದರೆ ಬೆಟ್ಟದ ತುದಿಯ ಮಲ್ಲಯ್ಯನಲ್ಲಿಗೆ ಬರಿಗಾಲಲ್ಲಿ ಬರುತ್ತೇನೆಂದು ಅವನು ಹರಕೆ ಹೊತ್ತಿದ್ದ. ಹೆಂಡತಿ ಮೊದಲೇ ಇರಲಿಲ್ಲ. ಈಗ ಮಗಳೂ ಇಲ್ಲ.

"ಹರಕಿ ತೀರಸಾಕ ಹೊಂಟಿಲ್ರೀ ಅಜ್ಜಾರ. ಯಾಕ್ ಒಯ್ದಿ ಅಂತ ಅವನ್ನ ಕೇಳಾಕ ಹೊಂಟೀನಿ. ದಾರಿ ಹೇಳ್ರಿ."

ಅಜ್ಜನವರು ದಾರಿ ಹೇಳಲಿಲ್ಲ. ಅವನ ಕೈಗಂಟನ್ನು ಬಿಚ್ಚಿಸಿದರು. ತೆಂಗಿನಕಾಯಿ, ಕರ್ಪೂರ, ಮಗಳ ಹಸಿರು ಸೀರೆ. ಕಂಬಳಿಯಿಲ್ಲ, ಕೋಲಿಲ್ಲ, ಒಂದು ರೊಟ್ಟಿಯೂ ಇಲ್ಲ. ಆ ದಿನಗಳಲ್ಲಿ ಮಂಜು ಕವಿದರೆ ಕುರಿಗಾಹಿಗಳೇ ಮೇಲೆ ಸಿಕ್ಕಿಬೀಳುತ್ತಿದ್ದರು.

"ಹತ್ತಾಕ ಬೇಕಾದ್ದೆಲ್ಲಾ ತಂದಿ," ಎಂದರು ಅಜ್ಜನವರು. "ಇಳಿಯಾಕ ಏನ್ ತಂದಿ?"

ಮನೆಯ ಕೀಲಿಯನ್ನು ಪಕ್ಕದವರಿಗೂ, ಬಡಿಗತನದ ಬಾಚಿ-ಉಳಿಗಳನ್ನು ಮೈದುನನಿಗೂ ಕೊಟ್ಟು ಬಂದವನು ಹೊನ್ನಪ್ಪ. ಊರಲ್ಲಿ ಯಾರೂ ಕೇಳದಿದ್ದುದನ್ನು ಅಜ್ಜನವರು ಮೆಣಸಿನಕಾಯಿ ಬಿಡಿಸುತ್ತಲೇ ಕೇಳಿಬಿಟ್ಟಿದ್ದರು. ಅವನು ಅಲ್ಲಿಯೇ ಕುಸಿದು, ಮಗಳ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಅಳು ಮುಗಿದ ಮೇಲೆ ಅಜ್ಜನವರು, "ಇವತ್ತ ಬ್ಯಾಡ. ನಾನೂ ಬರತೀನಿ. ನನಗೊಂದು ಕೋಲು ಮಾಡಿಕೊಡು," ಎಂದರು.

"ಸಾಮಾನ ಕೊಟ್ಟಬಿಟ್ಟೀನ್ರೀ," ಎಂದ ಹೊನ್ನಪ್ಪ.

"ಇಸಗೊಂಡ್ ಬಾ."

ಅವನು ಊರಿಗೆ ಹೋಗಿ ಬಾಚಿ ತಂದ. ಕೆತ್ತಿಕೊಟ್ಟ ಕೋಲು ಅಜ್ಜನವರಿಗೆ ಉದ್ದವಾಯಿತು, ಇನ್ನೊಂದು ಗಿಡ್ಡವಾಯಿತು. ಮಹಾತ್ಮರಿಗೂ ಇಷ್ಟು ಹಟವೇ ಎಂದು ಅವನು ಗೊಣಗಿದ್ದೂ ಉಂಟು. ಆಮೇಲೆ ಕಂಬಳಿಯ ಮಾತು ಬಂತು. ಕುರಿಗಳ ಉಣ್ಣೆ ಕತ್ತರಿಸಲಿ, ನೋಡೋಣ ಎಂದರು ಅಜ್ಜನವರು. ಹೀಗೇ ಚಳಿಗಾಲ ಕಳೆಯಿತು. ಈ ನಡುವೆ ಮಠದಲ್ಲೇ ಉಳಿದ ಹೊನ್ನಪ್ಪ ಹೊಟ್ಟೆತುಂಬ ಉಣ್ಣತೊಡಗಿದ, ಬಂದವರೊಡನೆ ಮಗಳ ಮಾತಾಡತೊಡಗಿದ. ಆಡಿದಾಗಲೆಲ್ಲ ಅಳುತ್ತಿದ್ದ.

ಎಲ್ಲವೂ ಸಿದ್ಧವಾಗುವ ಹೊತ್ತಿಗೆ ಅಜ್ಜನವರು ಹಾಸಿಗೆ ಹಿಡಿದಿದ್ದರು. ಹೊನ್ನಪ್ಪ ತಾನೂ ಹೋಗುವುದಿಲ್ಲವೆಂದ.

"ಹೋಗಿ ಇಳದು ಬಾ," ಎಂದರು. "ಅಲ್ಲೀಮಟಾ ನಾ ಇರತೀನಿ."

ಅಂದು ಬೆಟ್ಟ ಹತ್ತಿದ ಹೊನ್ನಪ್ಪ ದೀಪ ಹಚ್ಚುವ ಹೊತ್ತಿಗೆ ಏದುಸಿರು ಬಿಡುತ್ತ ಬಂದು ಅಜ್ಜನವರ ಪಾದದ ಬಳಿ ಕುಳಿತ. ಸೀರೆಯನ್ನು ಮಲ್ಲಯ್ಯನ ಮುಂದೆ ಇಟ್ಟು ಬಂದಿದ್ದ.

"ಯಾಕ್ ಒಯ್ದಿ ಅಂತ ಕೇಳಿದೇನು?" ಎಂದು ಅಜ್ಜನವರು ಕ್ಷೀಣವಾಗಿ ಕೇಳಿದರು.

"ಇಲ್ರೀ. ನೀವು ಕಾಯಾಕತ್ತೀರಿ ಅಂತ ಲಗೂ ಇಳದೆ."

ಅಜ್ಜನವರು ಅವನ ಕೈ ಹಿಡಿದುಕೊಂಡರು. ಬೆಳಗಾಗುವಷ್ಟರಲ್ಲಿ ಲಿಂಗೈಕ್ಯರಾದರು. ಹೊನ್ನಪ್ಪ ಮತ್ತೊಮ್ಮೆ ದಿಕ್ಕಿಲ್ಲದವನಾಗಿ ಅತ್ತ. ಆದರೆ ಆ ಮಧ್ಯಾಹ್ನ ದರ್ಶನಕ್ಕೆ ಬಂದವರಿಗೆಲ್ಲ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದವನು ಅವನೇ.