ಕೃಷ್ಣನ ಹೆಜ್ಜೆ ಮತ್ತು ಎರಡು ರೋಬೋಗಳು

ಗೋಕುಲಾಷ್ಟಮಿಯ ದಿನ ಕಮಲಾಕ್ಷಮ್ಮ ಹೊಸಿಲಿನಿಂದ ದೇವರಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬಿಡಿಸಿ, ಚಕ್ಕುಲಿ ಕರಿಯಲು ಒಳಗೆ ಹೋದರು.

ಅದನ್ನು ಕಂಡು ಗುಡಿಸುವ ರೋಬೋಗೆ ಮೈಯೆಲ್ಲ ಉರಿದುಹೋಯಿತು. "ಯಾವನೋ ತುಂಟ ಕಾಲು ತೊಳೆಯದೆ ನುಗ್ಗಿದ್ದಾನೆ!" ಎಂದು ಹಿಟ್ಟನ್ನೆಲ್ಲ ಹೀರಿಕೊಂಡಿತು.

"ನಿನ್ನದು ಯಾವಾಗಲೂ ಅರೆಬರೆ ಕೆಲಸ. ಗುರುತು ಹಾಗೇ ಇದೆ, ನೋಡು," ಎಂದು ಒರೆಸುವ ರೋಬೋ ಹಿಂದೆಯೇ ಬಂದು ನೆಲವನ್ನು ಫಳಫಳ ಹೊಳೆಯಿಸಿತು.

"ನಾನೇ ಮೇಲು!"

"ನಿನ್ನ ಮುಖ! ನಾನೇ ಮೇಲು!"

ಕಿತ್ತಾಡುತ್ತಲೇ ಎರಡೂ ಮೂಲೆಯ ಪೊರಕೆಯ ಬಳಿ ನ್ಯಾಯಕ್ಕೆ ಹೋದವು.

ಪೊರಕೆ ಹೇಳಿತು: "ಅವು ಇವತ್ತು ಮನೆಗೆ ಬರಬೇಕಿದ್ದ ಕೃಷ್ಣನ ಹೆಜ್ಜೆಗಳು. ಕಸ ಯಾವುದೆಂದೇ ತಿಳಿಯದವರಲ್ಲಿ ಮೇಲೇನು, ಕೀಳೇನು?"

ಅಷ್ಟರಲ್ಲಿ ಕಮಲಾಕ್ಷಮ್ಮ ಬಂದರು. ನೆಲ ನೋಡಿದರು, ರೋಬೋಗಳನ್ನು ನೋಡಿದರು, ಪೊರಕೆಯನ್ನು ಕೈಗೆತ್ತಿಕೊಂಡರು.

ಬಹಳ ದಿನಗಳ ಮೇಲೆ ಪೊರಕೆಗೆ ಕೆಲಸ ಸಿಕ್ಕಿತು. ಗುಡಿಸುವ ಕೆಲಸವಲ್ಲ.