ಇರುವೆ ಎದುರು ಬಂದೋಳ ಮೂತಿ ಮೂಸೋದು ಯಾಕೆ

ಗಲಾಟೆ ಮಾಡ್ದೆ ಕೇಳ್ರೋ. ಈ ಕತೇನ ಅವರಿವರು ಅರ್ಧಂಬರ್ಧ ಹೇಳ್ತಾರೆ. ಬುಡದಿಂದ ತುದೀವರ್ಗೂ ಹೇಳೋ ಗಂಡು ಈ ಸೀಮೇಲಿ ಒಬ್ಬನೇ, ಅವನು ನಿಮ್ಮ ಮುಂದೇನೇ ಕೂತವ್ನೆ.

ಭೂಮಿ ಆಗಿನ್ನೂ ಹೊಸದು. ಬೆಟ್ಟ ಎಲ್ಲಾ ಹಸಿ ಮಣ್ಣು, ಗುಬ್ಬಿ ಕೂತ್ರೂ ಕಾಲಿನ ಗುರುತು ಬೀಳ್ತಿತ್ತು. ಗಾಳಿ ಎಲ್ಲರ ಮನೇಗೂ ನುಗ್ಗಿ ಮಾತಾಡ್ಸೋದು.

ಆಗ್ಲೂ ಇರುವೆಗಳು ಸಾಲಾಗೇ ನಡೀತಿದ್ವು. ಆದ್ರೆ ಒಬ್ಬಳ ಮುಖ ಇನ್ನೊಬ್ಬಳು ನೋಡ್ತಿರ್ಲಿಲ್ಲ. ಮುಂದಿನೋಳು ಒಂದು ಮಾತು ಕೂಗೋಳು, ಹಿಂದಿನೋಳು ಅದನ್ನ ಅವಳ ಹಿಂದಿನೋಳಿಗೆ ಕೂಗೋಳು. ಸಾಲಿನ ಬಾಲಕ್ಕೆ ಏನು ಮುಟ್ತೋ ಅದೇ ನಿಜ.

ಆ ಇರುವೆಗಳಲ್ಲಿ ದ್ಯಾವಿ ಅಂತ ಒಬ್ಬಳು. ಮುಂದೆ ಹೋಗಿ ನೋಡ್ಕೊಂಡು ಬಂದು ಸುದ್ದಿ ಹೇಳೋದು ಅವಳ ಕೆಲಸ.

ಒಂದು ದಿನ ನೋಡಿದ್ರೆ ಮೊಟ್ಟೆ ಕೋಣೆ ಖಾಲಿ! ಅಯ್ಯಯ್ಯೋ ಅಂತ ಎಲ್ರೂ ಬಾಯಿ ಬಡ್ಕೊಂಡ್ರು. ದಳವಾಯಿ ಬಿರುಸಪ್ಪ ಮಾತ್ರ ಮೀಸೆ ತೀಡ್ದ. ಪಕ್ಕದ ಗೆದ್ದಲ ಹುತ್ತದ ಮೇಲೆ ಅವನಿಗೆ ಮೊದಲಿಂದ್ಲೂ ಕಣ್ಣು. ಎತ್ತರದ ಮನೆ, ಬೆಚ್ಚಗಿನ ಮನೆ.

"ಹೋಗೇ ದ್ಯಾವಿ, ಆ ಗೆದ್ದಲು ನಮ್ಮ ಮೊಟ್ಟೆ ಕದ್ದವ್ರಾ ನೋಡ್ಕೊಂಡು ಬಾ" ಅಂದ.

ದ್ಯಾವಿ ಹೋದ್ಳು. ಹುತ್ತದ ತೂತಲ್ಲಿ ಇಣುಕಿದ್ಳು. ಒಳಗೆ ಮಬ್ಬು. ದೂರದಲ್ಲಿ ಬೆಳ್ಳಗೆ, ಗುಂಡಗೆ, ಸಣ್ಣ ಸಣ್ಣದು ಏನೋ ರಾಶಿ. ಒಳಗೆ ಹೋಗೋಕೆ ಧೈರ್ಯ ಬರ್ಲಿಲ್ಲ, ವಾಪಸ್ ಓಡಿ ಬಂದ್ಳು.

"ದಳವಾಯಪ್ಪ, ಬೆಳ್ಳಗೆ ಏನೋ ಕಾಣ್ತು. ಮೊಟ್ಟೆ ಇದ್ರೂ ಇರಬೋದು. ಕತ್ತಲು, ಸರ್ಯಾಗಿ ಕಾಣ್ಲಿಲ್ಲ."

"ಮೊಟ್ಟೆ ಅಂದ್ಯಲ್ಲ, ಅಷ್ಟು ಸಾಕು!"

"ಇರಬೋದು ಅಂದೆ ಕಣಪ್ಪೋ..."

ಕೇಳೋಕೆ ಅವನೆಲ್ಲಿದ್ದ? ಅಷ್ಟರಲ್ಲೇ ಸಾಲಿಗೆ ಕೂಗಿಬಿಟ್ಟಿದ್ದ. "ಮೊಟ್ಟೆ ಕಂಡ್ಳಂತೆ!" ಹಿಂದಿನೋಳು, "ನಮ್ಮ ಮೊಟ್ಟೇನೇ ಅಂತೆ!" ಅವಳ ಹಿಂದಿನೋಳು, "ಹುರಿದು ತಿಂತಾವ್ರಂತೆ!" ಬಾಲಕ್ಕೆ ಮುಟ್ಟೋ ಹೊತ್ತಿಗೆ ಗೆದ್ದಲು ಉಪ್ಪು ಖಾರಾನೂ ಹಾಕಾಗಿತ್ತು.

ದಂಡು ಹೊರಡ್ತು. ಮೊದಲ ಸಾಲಲ್ಲಿ ದ್ಯಾವಿ ತಂಗಿ ಹೊನ್ನಿ. ಹುತ್ತದ ಕಾವಲಿನ ಗೆದ್ದಲಿಗೋ ಕತ್ತರಿಯಂಥ ದವಡೆ. ದ್ಯಾವಿ ಅಳ್ತಾ ತಂಗಿ ಹಿಂದೆ ಓಡಿದ್ಳು.

"ಹೊನ್ನಿ, ನಿಲ್ಲೇ. ಅದು ಮೊಟ್ಟೇನೋ ಏನೋ ನಂಗೇ ಗೊತ್ತಿಲ್ಲ ಕಣೇ."

"ಹೋಗಕ್ಕ, ನೀನೇ ಕಂಡೆ ಅಂತ ಎಲ್ರೂ ಕೂಗ್ತಾವ್ರೆ. ಈಗ ಹೆದರ್ಕೊಂಡ್ಯಾ?"

ಗಾಳಿ ಅಲ್ಲೇ ಸುಳಿದಾಡ್ತಿತ್ತು. "ದ್ಯಾವಿ, ಕಣ್ಣಲ್ಲಿ ಕಂಡೆ ಸರಿ. ಹತ್ರ ಹೋಗಿ ಮೂಸಿದ್ಯಾ?" ಅಂತು.

"ಇಲ್ಲ ಕಣಪ್ಪ ಗಾಳಿ."

"ಮತ್ತೆ ಇಲ್ಲೇನು ಅಳ್ತಾ ನಿಂತಿದ್ದೀಯ?"

ದ್ಯಾವಿ ಬಿದ್ದೆನೋ ಎದ್ದೆನೋ ಅಂತ ಓಡಿ, ದಂಡು ಬರೋಕೆ ಮುಂಚೆ, ಕಾವಲಿನೋರ ಕಾಲ ಸಂದೀಲಿ ನುಸುಳಿ ಹುತ್ತದ ಒಳಗೇ ನುಗ್ಗಿದ್ಳು. ಒಳಗೆ ಒಂದು ಮುದಿ ಗೆದ್ದಲಜ್ಜಿ ತೋಟದ ಮಡೀಲಿ ಕೆಲಸ ಮಾಡ್ತಿತ್ತು. ತಲೆ ಎತ್ತಿ, "ಯಾರವ್ವ ನೀನು? ಉಸಿರು ಕಟ್ಟೋ ಹಂಗೆ ಓಡಿ ಬಂದಿದ್ದೀಯಲ್ಲ. ತಗೋ, ಒಂದು ತಿನ್ನು" ಅಂತ ಆ ಬಿಳೀ ಗುಂಡು ಒಂದನ್ನ ಕೈಗಿಡ್ತು.

ದ್ಯಾವಿ ಮೂಸಿದ್ಳು. ಅಣಬೆ! ಗೆದ್ದಲು ಹೊಟ್ಟೆಪಾಡಿಗೆ ಬೆಳ್ಕೊಂಡಿದ್ದ ಎಳೇ ಅಣಬೆ, ಉಂಡುಂಡೆ.

ಬಾಯಲ್ಲಿ ಕಚ್ಕೊಂಡು ಹೊರಗೆ ಬಂದ್ಳು. ಕೂಗೋಕೆ ಬಾಯಿ ಖಾಲಿ ಇಲ್ಲ. ದಂಡಿಗೆ ಎದುರಾಗಿ ಓಡಿ, ಹೊನ್ನಿ ಮೂತಿಗೆ ಮೂತಿ ಇಟ್ಟೇಬಿಟ್ಳು.

"ಥೂ, ಇದೇನಕ್ಕ! ಅರೆ, ಅಣಬೆ ವಾಸ್ನೆ!"

ಹೊನ್ನಿ ನಿಂತ್ಳು. ದ್ಯಾವಿ ಅವಳ ಹಿಂದಿನೋಳ ಮೂತಿಗೆ ಮೂತಿ ಇಟ್ಳು, ಅವಳೂ ನಿಂತ್ಳು. ಹಂಗೇ ಒಬ್ಬೊಬ್ಬಳಿಗೂ ಮೂಸಿಸ್ತಾ ಹೋದ್ಳು.

ಬಿರುಸಪ್ಪ ಕಾಲು ಅಪ್ಪಳಿಸ್ದ. "ಇವತ್ತು ಅಣಬೆ ಇಟ್ಕೊಂಡೋರು ನಾಳೆ ಮೊಟ್ಟೆ ಕದಿಯಲ್ಲ ಅಂತ ಏನು ಗ್ಯಾರಂಟಿ? ನಡೀರಿ ಮುಂದಕ್ಕೆ!"

ಒಬ್ಬಳೂ ಕದಲ್ಲಿಲ್ಲ. ಅಷ್ಟರಲ್ಲಿ ಮೊಟ್ಟೆ ನೋಡ್ಕೊಳ್ಳೋ ದಾದಿ ಇರುವೆ ಮನೆ ಕಡೆಯಿಂದ ಏದುಸಿರು ಬಿಡ್ತಾ ಬಂತು. "ಯಾವ ಮೊಟ್ಟೆ ರಂಪ ಇದು? ಕೋಣೆ ತೇವ ಆಯ್ತು ಅಂತ ಮೇಲಿನ ಗೂಡಿಗೆ ನಾನೇ ಸಾಗಿಸ್ದೆ. ಬೆಚ್ಚಗೆ ಮಲಗವ್ವೆ."

"ಮೊದಲೇ ಬೊಗಳೋಕೆ ಏನಾಗಿತ್ತು?"

"ನನ್ನ ಕೇಳ್ದೋರ್ಯಾರು ದಳವಾಯಪ್ಪ?"

ಮೊದಲು ಹೊನ್ನಿ ಕಿಸಕ್ಕಂದ್ಳು. ಆಮೇಲೆ ಇಡೀ ದಂಡೇ ಬಿದ್ದು ಬಿದ್ದು ನಕ್ತು. ಕಟ್ಟಿದ್ದ ಉಸಿರು ಎಲ್ರೂ ಒಟ್ಟಿಗೇ ಬಿಟ್ರು ನೋಡಿ, ದಾರೀಲಿದ್ದ ತರಗೆಲೆ ಹಾರಿಹೋಯ್ತು. ದ್ಯಾವಿ ತಂಗೀನ ತಬ್ಕೊಂಡು ಅತ್ತೇಬಿಟ್ಳು. ಬಿರುಸಪ್ಪನೊಬ್ಬ ಮುಖ ಊದಿಸ್ಕೊಂಡು ಮನೆಗೆ ಹೋದ.

ಅವತ್ತಿಂದ ಅವರಿಗೆ ಕೂಗಿ ಹೇಳಿದ ಸುದ್ದಿ ಮೇಲೆ ನಂಬಿಕೆ ಹೋಯ್ತು. ಬೇಕಾದ್ರೆ ಎದ್ದು ಆ ಗೋಡೆ ನೋಡ್ರೋ: ಸಾಲಲ್ಲಿ ಹೋಗೋ ಇರುವೆ, ಎಷ್ಟೇ ಅವಸರ ಇರ್ಲಿ, ಎದುರು ಬಂದೋಳ್ನ ನಿಲ್ಲಿಸಿ ಮೂತಿಗೆ ಮೂತಿ ತಾಗಿಸಿ ಮೂಸಿ ನೋಡಿಯೇ ಮುಂದಕ್ಕೆ ಕಾಲಿಡೋದು.