ಜೋತುಬೀಳುವ ಪೇಟೆಂಟು

ಕಂಪ್ಯೂಟರ್ ಕಂಪನಿಯ ಅಂಗಳದ ಆಲದ ಮರದಲ್ಲಿ, ಬರೀ ಬಾಯಿಮಾತಿನಲ್ಲೇ ಹುಲಿಯ ಮೀಸೆ ಉದುರಿಸಿದ್ದ ಬಾವಲಿಯೊಂದಿತ್ತು, ಸುಳ್ಳಲ್ಲ. ಪರದೆಯ ಮೇಲೆ ಮೆನು ಕೆಳಗೆ ಜೋತುಬೀಳುವುದಕ್ಕೂ, ಒಂದು ಕಡತದೊಳಗೆ ಇನ್ನೊಂದನ್ನು ಇಡುವುದಕ್ಕೂ ಪೇಟೆಂಟ್ ಜಗಳ ನಡೆದಿದೆಯೆಂದು ಕಿಟಕಿಯಲ್ಲಿ ಕೇಳಿದ್ದೇ ತಡ, ಅದು ಪಕ್ಕದ ಈಚಲು ಮರಕ್ಕೆ ಹಾರಿ ತೂಗುಗೂಡು ಕಟ್ಟಿದ್ದ ಗೀಜಗನ ಹಕ್ಕಿಯ ಎದುರು ಜೋತುಬಿತ್ತು.

“ಏನಮ್ಮ, ಜೋತುಬೀಳುವ ವಿದ್ಯೆ ನನ್ನದು. ನಿನ್ನ ಗೂಡು ಇಳಿಸು.”

“ಒಳಗೆ ಮೊಟ್ಟೆಗಳಿವೆ, ಅಕ್ಕ.”

“ಒಂದರೊಳಗೊಂದು ಇಡುವುದೂ ನನ್ನದೇ. ನನ್ನನ್ನು ಕೇಳದೆ ಯಾರೂ ಜೋತುಬೀಳುವಂತಿಲ್ಲ.”

ಬಾವಲಿಯ ಎದೆಗೆ ಅಂಟಿ ಮಲಗಿದ್ದ ಮರಿ ಕಣ್ಣುಬಿಟ್ಟಿತು. “ಅಮ್ಮಾ, ನಾನೂ ನಿನ್ನ ಕೇಳದೇ ಜೋತುಬಿದ್ದಿದ್ದೀನಲ್ಲ. ಕೈ ಬಿಡಲಾ?”

ಬಾವಲಿ ಎರಡೂ ರೆಕ್ಕೆಗಳನ್ನು ಮರಿಯ ಸುತ್ತ ಬಿಗಿಯಾಗಿ ಸುತ್ತಿಕೊಂಡಿತು. “ಗೂಡು ಅಲ್ಲೇ ಇರಲಿ, ತಂಗಿ,” ಎಂದಿತು. “ಗಾಳಿ ಜೋರಿದೆ, ಇನ್ನಷ್ಟು ಭದ್ರವಾಗಿ ಕಟ್ಟಿಕೋ.”